ಎನಿಡ್ ಸೈಕ್ಸ್ ಹಾಡದ ಸ್ವರ

ತಪ್ಪು ನನ್ನ ಮಷೀನಿನದು ಎಂಬ ಒಂದೇ ವಾಕ್ಯವನ್ನು ದಾಕ್ಷಾಯಣಿ ಬೆಳಗಿನಿಂದ ಹದಿನೈದು ಸಲವಾದರೂ ಇಂಗ್ಲಿಷಿನಲ್ಲಿ ಹೇಳಿ ನೋಡಿಕೊಂಡಿದ್ದಳು. ಹಲ್ಲುಜ್ಜುತ್ತ ಕನ್ನಡಿಗೆ ಹೇಳಿದಾಗ ಅದು ನಿಜದಂತೆಯೇ ಕೇಳಿಸಿತ್ತು. ಹಡರ್ಸ್‌ಫೀಲ್ಡ್ ಬಸ್ ನಿಲ್ದಾಣದಲ್ಲಿ ಮಾರ್ಸ್ಡನ್ ಕಡೆಯ ಬಸ್ಸಿಗೆ ಕಾಯುತ್ತ ನಿಂತಾಗ ಮಗ್ಗಿ ಒಪ್ಪಿಸಿದಂತಾಯಿತು. ಈಗ ಬಸ್ಸಿನ ಮೇಲಂತಸ್ತಿನಲ್ಲಿ, ಉಸಿರಿಗೆ ಮಬ್ಬಾದ ಗಾಜಿನ ಪಕ್ಕ ಕೂತು ಮತ್ತೊಮ್ಮೆ ನಾಲಿಗೆಯ ಮೇಲೆ ತಂದುಕೊಂಡರೆ ಅದಕ್ಕೆ ರುಚಿಯೂ ಇಲ್ಲ, ಅರ್ಥವೂ ಇಲ್ಲ. ಹಿಂದಿನ ಸೀಟಿನ ಇಬ್ಬರು ಹೆಂಗಸರು ಊರಿನ ಜಿಪಿ ಡಾಕ್ಟರು ಸಿಗುವುದೇ ಇಲ್ಲವೆಂದು ಒಬ್ಬರಿಗೊಬ್ಬರು ಹೇಳಿಕೊಂಡು ಒಂಥರಾ ಖುಷಿಯಲ್ಲಿದ್ದರು. ಹೊರಗೆ ನವೆಂಬರಿನ ಬೂದು ಬೆಳಕು, ಮಸಿ ಹಿಡಿದ ಕಲ್ಲಿನ ಮನೆಗಳು, ಮುಚ್ಚಿಹೋದ ಗಿರಣಿಗಳು. ಅವಳ ಬ್ಯಾಗಿನಲ್ಲಿ ಲ್ಯಾಪ್‌ಟಾಪ್, ಹೆಡ್‌ಫೋನ್, ಯೂನಿವರ್ಸಿಟಿಯ ಒಪ್ಪಿಗೆ ಪತ್ರ. ಆ ಪತ್ರಕ್ಕೆ ಸಹಿ ಹಾಕಬೇಕಾದವರು ಕೇರ್ ಹೋಮಿನಲ್ಲಿರುವ ಎಂಬತ್ತಾರು ವರ್ಷದ ಎನಿಡ್ ಸೈಕ್ಸ್. ಕಳೆದ ಗುರುವಾರ ಮಧ್ಯಾಹ್ನ, ಹನ್ನೆರಡು ಜನರ ಎದುರಿಗೆ, ಕೇಕು ಬಿಸ್ಕತ್ತುಗಳ ನಡುವೆ, ದಾಕ್ಷಾಯಣಿ ಆ ಮುದುಕಿಯ ಬದುಕಿನ ಒಂದೇ ಒಂದು ಹೆಮ್ಮೆಯನ್ನು ಕಿತ್ತುಕೊಂಡಿದ್ದಳು. ಈವತ್ತು ಅದನ್ನು ವಾಪಸು ಕೊಡಲು ಹೊರಟಿದ್ದಳು. ಕೊಡುವುದಕ್ಕೆ ಸುಳ್ಳೊಂದನ್ನು ಬಿಟ್ಟು ಬೇರೇನೂ ಅವಳ ಬಳಿ ಇರಲಿಲ್ಲ.

ಸುಳ್ಳನ್ನು ಹೇಳಿಕೊಟ್ಟವಳು ಫಾಇಝಾ. ಹುಬ್ಬಳ್ಳಿಯವಳು, ಇಲ್ಲಿ ಜೂನಿಯರ್ ಡಾಕ್ಟರು. ಇಬ್ಬರೂ ಸೇರಿ ಹಿಡಿದ ಬಾಡಿಗೆ ಮನೆಯಲ್ಲಿ ಕೆಳಗಿನ ಕೋಣೆ ಅವಳದು. ಬೆಳಿಗ್ಗೆ ಟೋಸ್ಟಿಗೆ ಖಾರದ ಪುಡಿ ಹಚ್ಚುತ್ತ ಅವಳು ಗೆಳತಿಯ ಮುಖ ನೋಡಿದಳು.

“ಮೂರು ದಿನ ಆತು, ಹಿಂಗ ಸತ್ತವರ ಮನ್ಯಾಗ ಕುಂತಂಗ ಕುಂತೀ. ಮಷೀನ್ ಕೆಟ್ಟಿತ್ತು ಅಂತ ಹೇಳಿಬಿಡು. ಮಷೀನಿಗೇನು ಮಾನ ಮರ್ಯಾದಿ ಐತೇನ?”

“ಸುಳ್ಳಾಗ್ತೈತಲ್ಲ.”

“ಅರೇ, ನಾ ದಿನಾ ಎಷ್ಟ್ ಹೇಳ್ತೀನಿ ಗೊತ್ತೇನ? ಎಲ್ಲಾ ಖರೇನ ಹೇಳಾಕ ಹೋದ್ರ ನಮ್ಮ ವಾರ್ಡಿನ್ಯಾಗ ಅರ್ಧ ಮಂದಿ ಊಟಾನ ಬಿಡ್ತಾರ. ಆಕಿಗೆ ಎಂಬತ್ತಾರು. ಕಸಗೊಂಡಿದ್ದನ್ನ ಕೊಟ್ಟು ಬಾ.”

“ಆಕಿ ಕಿವಿ ಭಾಳ ಚುರುಕ, ಫಾಇಝಾ. ಗೊತ್ತಾಗ್ತೈತಿ.”

ಫಾಇಝಾ ಚಾಕುವನ್ನು ತಟ್ಟೆಯ ಮೇಲಿಟ್ಟಳು. “ನಿನಗ ಏನ್ ಬೇಕಾಗೇತಿ ಅದನ್ನಾರ ಹೇಳು. ಆಕಿಗೆ ಸಮಾಧಾನ ಆಗೂದೋ, ನಿನಗ ಸಮಾಧಾನ ಆಗೂದೋ?” ಎಂದಳು. ದಾಕ್ಷಾಯಣಿ ಆಗಲೇ ತೊಳೆದಿದ್ದ ಕಪ್ಪನ್ನು ಇನ್ನೊಮ್ಮೆ ತೊಳೆದಿಟ್ಟಳು.

ಬಸ್ಸು ಗೋಲ್ಕರ್‌ನ ಏರಿನ ಕೆಳಗೆ ನಿಂತಿತು. ಈ ಏರಿನ ಮೇಲೆಲ್ಲೋ ಎನಿಡ್ ಹುಡುಗಿಯಾಗಿದ್ದಾಗ ಹಾಡುತ್ತಿದ್ದ ಪ್ರಾರ್ಥನಾ ಮಂದಿರವಿದ್ದದ್ದು. ಈಗ ಅದನ್ನು ಫ್ಲ್ಯಾಟುಗಳಾಗಿ ಮಾಡಿದ್ದಾರಂತೆ. ಒಂದು ಸಲ ಹೋಗಿ ನೋಡಬೇಕೆಂದು ವರ್ಷದಿಂದ ಅಂದುಕೊಂಡು, ಬರೇ ಅವರ ಹಳೆಯ ಗ್ರಾಮಫೋನ್ ತಟ್ಟೆಗಳ ಮೇಲಿನ ಗೀರುಗಳನ್ನು ನೋಡುತ್ತ ಕೂತುಬಿಟ್ಟಿದ್ದಳು. ಎನಿಡ್ ಹುಟ್ಟಿದ್ದು ಈ ಕಣಿವೆಯಲ್ಲೇ, ಉಣ್ಣೆ ಗಿರಣಿಯ ಕೂಲಿಯವಳೊಬ್ಬಳ ಮಗಳಾಗಿ. ದೇವರ ಕೀರ್ತನೆ ಹಾಡುತ್ತಿದ್ದ ಹುಡುಗಿಗೆ ಹದಿನೆಂಟಕ್ಕೆ ಎಂಥಾ ದನಿ ಬಂತೆಂದರೆ ಪಕ್ಕದವರು ಹಾಡು ನಿಲ್ಲಿಸಿ ತಿರುಗಿ ನೋಡುತ್ತಿದ್ದರಂತೆ. ಇಡೀ ನಾಟಕವನ್ನು ಹಾಡಿನಲ್ಲೇ ಆಡುವ ಆಪೆರಾದವರು ಅಂಥ ದನಿಯನ್ನು ಡ್ರಮ್ಯಾಟಿಕ್ ಸೊಪ್ರಾನೊ ಅನ್ನುತ್ತಾರೆ. ಎಂಬತ್ತು ವಾದ್ಯಗಳು ಒಟ್ಟಿಗೆ ಮೊಳಗಿದರೂ ಮೈಕಿಲ್ಲದೆ ಅವನ್ನು ದಾಟಿ ಕೊನೆಯ ಸಾಲಿನವರ ಎದೆಗೆ ತಾಗಬೇಕಾದ ಹೆಣ್ಣು ದನಿ ಅದು. 1952ರ ಫೆಬ್ರವರಿಯಲ್ಲಿ ಒಬ್ಬ ರೇಡಿಯೋ ಅಂಗಡಿಯವನು ತಟ್ಟೆ ಕೊರೆಯುವ ಯಂತ್ರವನ್ನು ಆ ಮಂದಿರಕ್ಕೆ ಹೊತ್ತು ತಂದು ಅವಳ ನಾಲ್ಕು ಹಾಡುಗಳನ್ನು ಹಿಡಿದ. ಪಿಯಾನೋ ನುಡಿಸಿದವನು ವಾಲ್ಟರ್ ಸೈಕ್ಸ್, ಮುಂದಿನ ವರ್ಷ ಗಂಡನಾದವನು. ಆ ತಟ್ಟೆಗಳು ಲಂಡನ್ನಿನಲ್ಲಿ ಯಾರದೋ ಕಿವಿಗೆ ಬಿದ್ದು ಬಾಗಿಲು ತೆರೆಯಿತು. ಜರ್ಮನಿಯ ಆಪೆರಾ ಮನೆಗಳಲ್ಲಿ ಹನ್ನೊಂದು ವರ್ಷ. ಆಮೇಲೆ ಒಂದು ಸಂಜೆ ಲೀಡ್ಸ್‌ನ ರಂಗದ ಮೇಲೆ, ತನ್ನ ಊರಿನವರೇ ಬಸ್ಸು ಮಾಡಿಕೊಂಡು ಬಂದು ತುಂಬಿದ್ದ ಸಭೆಯಲ್ಲಿ, ಗಂಟಲು ಒಡೆಯಿತು. ಮೂವತ್ತೈದಕ್ಕೆ ಎಲ್ಲ ಮುಗಿಯಿತು. ಯಾವ ದೊಡ್ಡ ಕಂಪನಿಯೂ ಅವರ ದನಿಯನ್ನು ಹಿಡಿದಿಡಲಿಲ್ಲ. ಉಳಿದದ್ದು ಆ ನಾಲ್ಕು ತಟ್ಟೆ. ಮೂರನೆಯದು, ಮಕ್ಕಳನ್ನು ಕಳೆದುಕೊಂಡ ರಾಣಿಯೊಬ್ಬಳ ಗೋಳು. ಅದರ ಕೊನೆಯಲ್ಲಿ ಇಲ್ಲಿಯವರು ಟಾಪ್ ಸಿ ಅನ್ನುವ ತುತ್ತತುದಿಯ ಸ್ವರ. ದೊಡ್ಡ ದನಿಗಳು ತಿಣುಕಿ ಮುಟ್ಟುವ ಆ ಸ್ವರವನ್ನು ಇಪ್ಪತ್ನಾಲ್ಕರ ಹುಡುಗಿ ಅಂಗಳದಲ್ಲಿ ಬಟ್ಟೆ ಒಣಹಾಕುವಷ್ಟು ಸಲೀಸಾಗಿ ಹಾಡಿದ್ದಳು. ಅದನ್ನು ಕೇಳಿದವರು ಈ ಊರಲ್ಲಿ ಅದರ ಬಗ್ಗೆ ದನಿ ತಗ್ಗಿಸಿ ಮಾತಾಡುತ್ತಿದ್ದರು.

ದಾಕ್ಷಾಯಣಿಯ ಪಿಎಚ್‌ಡಿ ಹಳೆಯ ಧ್ವನಿಮುದ್ರಣಗಳನ್ನು ಸರಿಪಡಿಸುವುದರ ಬಗ್ಗೆ. ಆ ತಟ್ಟೆಗಳನ್ನು ಅವಳ ಕೈಗೆ ಕೊಟ್ಟವರು ಎನಿಡ್ ಅವರೇ. ಸಿಡಿ ಮಾಡಿ ಹೊರತರುವುದೆಂದು ಮಾತಾಗಿತ್ತು. ಇಂಗ್ಲೆಂಡಿನ ಕರೆಂಟು ಸೆಕೆಂಡಿಗೆ ಐವತ್ತು ಸಲ ನಡುಗುತ್ತದೆ. ಹಳೆಯ ಮುದ್ರಣಗಳ ತಳದಲ್ಲಿ ಆ ನಡುಕ ಗುಂಯ್ ಎಂದು ಸಣ್ಣಗೆ ಉಳಿದಿರುತ್ತದೆ. ಸಾಮಾನ್ಯ ಕಿವಿಗೆ ಅದು ಕೇಳುವುದಿಲ್ಲ, ಕಂಪ್ಯೂಟರಿಗೆ ಕಾಣುತ್ತದೆ. ಮೂರನೆಯ ತಟ್ಟೆಯಲ್ಲಿ ಮಾತ್ರ ಅದು ಐವತ್ತರ ಬದಲು ಐವತ್ಮೂರಿತ್ತು. ಹಾಗೆಂದರೆ, ಕೊರೆಯುವಾಗ ತಟ್ಟೆಯನ್ನು ಬೇಕೆಂದೇ ನಿಧಾನ ತಿರುಗಿಸಿದ್ದರು. ಮಾಮೂಲಿ ವೇಗದಲ್ಲಿ ಹಾಕಿದಾಗ ಹಾಡೆಲ್ಲ ಅರ್ಧ ಸ್ವರ ಮೇಲಕ್ಕೇರಿ ಕೇಳುತ್ತದೆ. ಐವತ್ತಕ್ಕೆ ಇಳಿಸಿದಳು. ಟಾಪ್ ಸಿ ಅಲ್ಲಿರಲಿಲ್ಲ, ಅದರ ಕೆಳಗಿನ ಸ್ವರವಿತ್ತು. ಆದರೆ ಹುಡುಗಿಯ ದನಿ ಇದ್ದಕ್ಕಿದ್ದಂತೆ ಮೈತುಂಬಿಕೊಂಡು, ಎದೆಯೊಳಗಿಂದ, ಪಕ್ಕದ ಕೋಣೆಯಲ್ಲಿ ನಿಂತು ಹಾಡಿದ ಹಾಗೆ ಬಂತು. ಆ ಮಧ್ಯಾಹ್ನ ಲ್ಯಾಬಿನಲ್ಲಿ ಒಬ್ಬಳೇ ಕೂತು ದಾಕ್ಷಾಯಣಿ ಅತ್ತಿದ್ದಳು. ಅತ್ತದ್ದು ಸಂತೋಷಕ್ಕೆ ಎಂದೇ ಆಗ ತಿಳಿದಿದ್ದಳು.

ಇದರಲ್ಲಿ ನಾಚಿಕೆಪಡುವಂಥದ್ದು ಏನಿದೆಯೆಂದು ಅವಳಿಗೆ ಹೊಳೆಯಲೇ ಇಲ್ಲ. ಧಾರವಾಡದಲ್ಲಿ ಹಾಡುವವರಿಗೆ ಅವರವರ ಷಡ್ಜ ಅವರವರದು. ಹದಿನಾರರಲ್ಲಿ ಟೈಫಾಯ್ಡ್ ಆಗಿ ಎದ್ದ ಅವಳ ದನಿ ಹಾರ್ಮೋನಿಯಮ್ಮಿನ ಐದನೇ ಕರಿ ಪಟ್ಟಿಯಲ್ಲಿ ಒದ್ದಾಡಿದಾಗ ರಾಜಶೇಖರ ಮಾಸ್ತರರು ಏನೂ ಅನ್ನದೆ ತಂಬೂರಿಯನ್ನು ಅರ್ಧ ಸ್ವರ ಇಳಿಸಿ ಶ್ರುತಿ ಮಾಡಿ, “ಈಗ ಹಾಡವಾ, ಆರಾಮ ಅನಸ್ತೈತಿ” ಎಂದಿದ್ದರು. ಕೋಣೆಯಲ್ಲಿದ್ದ ಏಳೆಂಟು ಮಂದಿಯಲ್ಲಿ ಒಬ್ಬರೂ ತಲೆಯೆತ್ತಿ ನೋಡಿರಲಿಲ್ಲ. ಇಳಿಸಿ ಹಾಡುವುದೆಂದರೆ ಬಿಗಿಯಾದ ಚಪ್ಪಲಿ ಬಿಚ್ಚಿದಂತೆ, ಅಷ್ಟೇ. ಆದರೆ ಇಲ್ಲಿ ಸ್ವರವೆಂದರೆ ಬೆಟ್ಟದ ನೆತ್ತಿ. ಎರಡಡಿ ಕೆಳಗೆ ನಿಂತವರು ಹತ್ತಿದವರೆಂದು ಲೆಕ್ಕವಿಲ್ಲ. ಇಷ್ಟು ವರ್ಷ ಇವರ ಸಂಗೀತವನ್ನು ಓದಿದವಳಿಗೆ ಅದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆಯುವಷ್ಟು ಗೊತ್ತಿತ್ತು. ಒಬ್ಬ ಮುದುಕಿಯ ಮುಖದ ಮೇಲೆ ಅದು ಹೇಗೆ ಕಾಣುತ್ತದೆಂಬುದು ಗೊತ್ತಿರಲಿಲ್ಲ. ಹಾಗೆ ಅಂದುಕೊಂಡು ಬಿಡುಗಡೆಯಾಗಬಹುದಿತ್ತು, ಮನಸ್ಸು ಬಿಡಲಿಲ್ಲ. ಹನ್ನೆರಡು ಜನರನ್ನು ಯಾಕೆ ಕರೆಸಿದೆ? ಮೊದಲು ಅವರೊಬ್ಬರಿಗೇ ಯಾಕೆ ಕೇಳಿಸಲಿಲ್ಲ? ಗೈಡು ಬರುತ್ತಾರೆ, ಊರಿನ ಮೇಳಗಾನದ ಕೋರಲ್ ಸೊಸೈಟಿಯವರು ಬರುತ್ತಾರೆ, ಧಾರವಾಡದ ಹುಡುಗಿಯ ಜಾಣತನಕ್ಕೆ ತಲೆದೂಗುತ್ತಾರೆ. ಸೆಮಿನಾರುಗಳಲ್ಲಿ ಅವಳು ಮಾತು ಮುಗಿಸುವ ಮೊದಲೇ ಮುಗುಳ್ನಕ್ಕು ಮುಂದಿನವರ ಕಡೆ ತಿರುಗುತ್ತಿದ್ದ ಗೈಡು ಅವಳ ಕಡೆಗೇ ನೋಡುತ್ತ ಕೂರುತ್ತಾರೆ. ಬೇಕಾಗಿದ್ದದ್ದು ಅದು. ಅದರ ಕೆಳಗೆ ಇನ್ನೊಂದಿತ್ತು, ಅದನ್ನು ಫಾಇಝಾಗೂ ಹೇಳಿರಲಿಲ್ಲ. ಇಪ್ಪತ್ತೆರಡಕ್ಕೆ ಹಾಡುವುದನ್ನು ಬಿಟ್ಟು, ಹಾಡುವವರ ದನಿಯ ಕಸ ಗುಡಿಸುವ ಕೆಲಸ ಹಿಡಿದವಳಿಗೆ, ಪರದೆಯ ಮೇಲೆ ಐವತ್ಮೂರು ಕಂಡ ಗಳಿಗೆಯಲ್ಲಿ ಹೊಟ್ಟೆಯೊಳಗೆ ಎಲ್ಲೋ ಒಂದು ಕಡೆ ಹಾಯೆನಿಸಿತ್ತು. ಇವಳಿಗೂ ಆ ಸ್ವರ ಬಂದಿರಲಿಲ್ಲ ಎಂದು. ಆ ಸಣ್ಣತನ ನೆನಪಾದಾಗ ಈಗಲೂ ಅವಳ ಕಿವಿ ಬಿಸಿಯಾಯಿತು.

ಗುರುವಾರ ಕೇರ್ ಹೋಮಿನ ಪಡಸಾಲೆಯಲ್ಲಿ ಮೊದಲು ಹಳೆಯದನ್ನು ಹಾಕಿದ್ದಳು. ಎಲ್ಲರೂ ಕಣ್ಣು ಮುಚ್ಚಿ ಕೇಳಿದರು. ಎನಿಡ್ ಮಾತ್ರ ಕಣ್ಣು ತೆರೆದು, ಗಾಲಿಕುರ್ಚಿಯಲ್ಲಿ ನೆಟ್ಟಗೆ ಕೂತು, ಪಕ್ಕದವರು ಅಳುವುದನ್ನು ಒಂದಿಷ್ಟು ಬಿಗುಮಾನದಿಂದ ನೋಡುತ್ತಿದ್ದರು. ಆಮೇಲೆ ದಾಕ್ಷಾಯಣಿ ಎದ್ದು ನಿಂತು ಐವತ್ತು, ಐವತ್ಮೂರು ಎಂದು ವಿವರಿಸಿ, “ಇದು ಇವರ ನಿಜವಾದ ದನಿ” ಎಂದು ಎರಡನೆಯದನ್ನು ಹಾಕಿದಳು. ಹಾಡು ಮುಗಿದಾಗ ಗೈಡು ಅವಳ ಕಡೆಗೇ ನೋಡುತ್ತಿದ್ದರು, ಹೆಮ್ಮೆಯಿಂದ. ಕೋರಲ್ ಸೊಸೈಟಿಯ ದಪ್ಪನೆಯ ಹೆಂಗಸೊಬ್ಬರು, “ಅಂದ್ರೆ ಅದು ಟಾಪ್ ಸಿ ಅಲ್ಲವೇ ಅಲ್ವಾ?” ಎಂದರು. ಕೆಟ್ಟದ್ದನ್ನು ಬಯಸಿ ಕೇಳಿದ್ದಲ್ಲ, ಅಡುಗೆಯ ಅಳತೆ ಕೇಳಿದಂತೆ ಕೇಳಿದ್ದು. ಯಾರೋ ಮೂಗಿನಲ್ಲಿ ನಕ್ಕರು. ಎನಿಡ್ ಒಂದು ಕೈಯಿಂದ ಇನ್ನೊಂದು ಕೈಯನ್ನು ಹಿಡಿದುಕೊಂಡು, “ತುಂಬಾ ಸ್ವಾರಸ್ಯವಾಗಿದೆ. ಥ್ಯಾಂಕ್ಯೂ” ಎಂದು ಹೇಳಿ, ತನ್ನನ್ನು ಕೋಣೆಗೆ ಕರೆದೊಯ್ಯಲು ಆರೈಕೆಯ ಕೇರರ್‌ಗೆ ಸನ್ನೆ ಮಾಡಿದರು. ಕುರ್ಚಿಯ ಗಾಲಿ ಕಾರ್ಪೆಟ್ಟಿನ ಅಂಚಿಗೆ ಸಿಕ್ಕಿಕೊಂಡು, ಬಿಡಿಸುವವರೆಗೆ ಅವರು ಎಲ್ಲರಿಗೂ ಬೆನ್ನು ಕೊಟ್ಟು ಅಲ್ಲೇ ಕೂತಿರಬೇಕಾಯಿತು.

ಇಳಿಯಬೇಕಾದ ಸ್ಟಾಪನ್ನು ದಾಟಿಬಿಟ್ಟಿದ್ದಳು. ಹಿಂದಕ್ಕೆ ನಡೆದು ಬಂದಳು. ಕೇರ್ ಹೋಮಿನ ಬಾಗಿಲಲ್ಲಿ ರಿಜಿಸ್ಟರಿಗೆ ಹೆಸರು ಬರೆಸಿಕೊಂಡ ಕೇರರ್, “ಒಳ್ಳೆಯದಾಯ್ತು ನೀವು ಬಂದದ್ದು. ಗುರುವಾರದಿಂದ ಊಟಾನೇ ಸರಿಯಾಗಿ ಮಾಡಿಲ್ಲ. ನಿಮ್ಮನ್ನ ಕಂಡ್ರೆ ಅವರಿಗೆ ತುಂಬಾ ಇಷ್ಟ” ಎಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಎನಿಡ್ ಕಿಟಕಿಯ ಬಳಿ ಕೂತಿದ್ದರು. ಕಾರ್ಡಿಗನ್ನಿನ ಗುಂಡಿಗಳೆಲ್ಲ ಸರಿಯಾಗಿದ್ದವು, ತುಟಿಗೆ ಬಣ್ಣವಿತ್ತು. ಯಾರಾದರೂ ಬರುತ್ತಾರೆಂದು ಸಿದ್ಧವಾದವರಂತಿದ್ದರು. “ಕೂತ್ಕೋ. ಆ ಕುರ್ಚಿ ಬೇಡ, ಅಲ್ಲಾಡತ್ತೆ” ಎಂದರು. ದಾಕ್ಷಾಯಣಿ ಮಂಚದ ತುದಿಯಲ್ಲಿ ಕೂತಳು. ಹೇಗಿದ್ದೀರಿ ಎಂದು ಕೇಳುವ ಮುನ್ನವೇ ಮಾತು ಹೊರಬಿದ್ದುಹೋಯಿತು.

“ಮಿಸೆಸ್ ಸೈಕ್ಸ್, ಗುರುವಾರ ನಾನು ಹೇಳಿದ್ದು ತಪ್ಪು. ತಪ್ಪು ನನ್ನ ಮಷೀನಿನದು. ಆಗ ಇಲ್ಲಿಯ ಕರೆಂಟೇ ಸರಿ ಇರಲಿಲ್ಲ ಅಂತ ಕಾಣತ್ತೆ, ನಾನು ಮತ್ತೆ ಪರೀಕ್ಷೆ ಮಾಡಿದೆ. ನೀವು ಹಾಡಿದ್ದು ಟಾಪ್ ಸಿ ಅನ್ನೇ. ಎಲ್ಲರಿಗೂ ಕಾಗದ ಬರೆದು ತಿಳಿಸ್ತೀನಿ.”

ಎನಿಡ್ ಅವಳನ್ನೇ ನೋಡಿದರು. ರಂಗ ಬಿಟ್ಟ ಮೇಲೆ ನಲವತ್ತು ವರ್ಷ ಊರಿನ ಮಕ್ಕಳಿಗೆ ಹಾಡು ಕಲಿಸಿ, ಬೇಸೂರನ್ನು ಮುಖದಲ್ಲೇ ಗುರುತಿಸಿದ ಕಣ್ಣುಗಳು ಅವು.

“ಎಷ್ಟು ಸಲ ಹೇಳಿ ನೋಡ್ಕೊಂಡೆ? ಸವೆದುಹೋಗಿದೆ ಮಾತು.”

ದಾಕ್ಷಾಯಣಿ ತಲೆ ತಗ್ಗಿಸಿದಳು.

“ಆ ವಾರ ನನಗೆ ಜ್ವರ” ಎಂದರು ಎನಿಡ್, ಕಿಟಕಿಯ ಕಡೆ ತಿರುಗಿ. “ಎರಡೂ ಕಿವಿ ಕಟ್ಟಿದ್ವು. ನನ್ನ ದನಿ ನನಗೇ ಗೋಡೆಯಾಚೆಯಿಂದ ಕೇಳ್ತಿತ್ತು. ಹಾಡ್ಲಿಕ್ಕೆ ಆಗಲ್ಲ ಅಂದೆ. ರೇಡಿಯೋದವನು ಬರೋದು ಒಂದೇ ದಿನ, ಬಿಟ್ರೆ ಹೋಯ್ತು ಅಂದ ವಾಲ್ಟರ್. ಆಮೇಲೆ ಆರು ಸಂಜೆ ಅವನು ಅಭ್ಯಾಸಕ್ಕೆ ಬರಲಿಲ್ಲ. ಅಮ್ಮನಿಗೆ ಹುಷಾರಿಲ್ಲ ಅಂತ ಹೇಳಿಕಳಿಸಿದ. ಗುರುವಾರದಿಂದ ನಾನು ಅದನ್ನೇ ಯೋಚಿಸ್ತಿದೀನಿ. ಆ ಹಾಡನ್ನ ಅರ್ಧ ಸ್ವರ ಇಳಿಸಿದರೆ ಐದೂ ಕರಿ ಪಟ್ಟಿ ಬರತ್ತೆ. ಕಷ್ಟ. ವಾಲ್ಟರ್ ಅಂಥಾ ದೊಡ್ಡ ಪಿಯಾನೋದವನೇನಲ್ಲ. ಕೂತು ಕಲೀಲಿಕ್ಕೆ ಅವನಿಗೆ ಆರು ದಿನ ಬೇಕೇ ಬೇಕು. ತಟ್ಟೆ ನಿಧಾನ ತಿರುಗಿಸು ಅಂತ ರೇಡಿಯೋದವನಿಗೂ ಅವನೇ ಹೇಳಿರಬೇಕು, ಕಿವಿ ಕಟ್ಟಿದ್ದ ನನಗೆ ಗೊತ್ತೇ ಆಗಲಿಲ್ಲ.”

“ನಿಮ್ಮ ಮೇಲಿನ ಪ್ರೀತಿಗೆ ಮಾಡಿರಬೇಕು” ಎಂದಳು ದಾಕ್ಷಾಯಣಿ. ಹೇಳಿದ ಮೇಲೆ ಅದು ಎಷ್ಟು ಬಡವಾದ ಮಾತೆಂದು ಅವಳಿಗೇ ಅನಿಸಿತು.

“ಇರಬೇಕು. ನೀನೀಗ ಹೇಳಿದೆಯಲ್ಲ, ಅದೂ ಪ್ರೀತಿಗೇ. ಅವನೂ ಹೀಗೇ, ನೆಲ ನೋಡ್ತಾ ಹೇಳ್ತಿದ್ದ.” ಎನಿಡ್ ಅವರ ದನಿ ಏರಲಿಲ್ಲ. “ಸ್ವರ ಹೋಯ್ತು ಅಂತ ನಾನು ಊಟ ಬಿಟ್ಟಿದೀನಿ ಅಂದ್ಕೊಂಡ್ಯಾ? ಜರ್ಮನಿಯಲ್ಲಿ ಪ್ರತಿ ಸಲ ಆ ಸ್ವರ ಕೈಕೊಟ್ಟಾಗ ನಾನು ಮನೆಗೆ ಬಂದು ಅಳ್ತಿದ್ದೆ. ನನ್ನ ದನಿ ಅಲ್ಲಿಯದಲ್ಲ, ಕೆಳಗಿನ ಸ್ವರದ ಪಾತ್ರಗಳನ್ನ ಹಾಡ್ಕೊಂಡಿರ್ತೀನಿ ಅಂತಿದ್ದೆ. ಆಗ ವಾಲ್ಟರ್ ಆ ತಟ್ಟೆ ಹಾಕ್ತಿದ್ದ. ಕೇಳು ಎನಿಡ್, ನಿನ್ನಲ್ಲಿದೆ, ಒಂದು ಸಲ ಬಂದದ್ದು ಮತ್ತೆ ಬರತ್ತೆ ಅಂತಿದ್ದ. ನಾನು ಕಣ್ಣೊರೆಸಿಕೊಂಡು ಎದ್ದು ಮತ್ತೆ ಹಾಡ್ತಿದ್ದೆ. ಹನ್ನೊಂದು ವರ್ಷ. ಗಂಟಲಿನಲ್ಲಿ ರಕ್ತ ಬಂದ ದಿನಾನೂ ಅದನ್ನೇ ಹಾಕಿದ್ದ. ಒಂದು ಮಾತು ಹೇಳಿದ್ದಿದ್ರೆ ನಾನು ಐವತ್ತು ವಯಸ್ಸಿನವರೆಗೂ ಹಾಡ್ತಿದ್ದೆ. ಒಂದೇ ಒಂದು ಮಾತು. ಆಗ ಬೇಡ, ಎಲ್ಲಾ ಮುಗಿದ ಮೇಲಾದ್ರೂ ಹೇಳಬಹುದಿತ್ತು. ಒಂಬತ್ತು ವರ್ಷದ ಹಿಂದೆ, ಸಾಯೋ ಮುಂಚೆ, ಆಸ್ಪತ್ರೆಯಲ್ಲಿ ನನ್ನ ಕೈ ಹಿಡ್ಕೊಂಡು ಮೂರು ವಾರ ಮಲಗಿದ್ದ. ಏನೇನೋ ಮಾತಾಡಿದ.”

ಕಾರಿಡಾರಿನಲ್ಲಿ ಊಟದ ಗಾಡಿಯ ಸದ್ದು ಬಂದು, ಬಾಗಿಲ ಬಳಿ ನಿಂತು, ಮುಂದೆ ಹೋಯಿತು. ದಾಕ್ಷಾಯಣಿಗೆ ಎದ್ದು ಅವರ ಕೈ ಹಿಡಿದುಕೊಳ್ಳಬೇಕೆನಿಸಿತು. ಹಿಡಿಯಲು ತನಗೆ ಯಾವ ಹಕ್ಕೂ ಇಲ್ಲವೆನಿಸಿತು. ಹೆಮ್ಮೆಯೊಂದನ್ನು ಕಸಿದುಕೊಂಡೆನೆಂದು ಮೂರು ದಿನದಿಂದ ನರಳುತ್ತಿದ್ದಳು. ತಾನು ಕಸಿದುಕೊಂಡದ್ದು ಒಬ್ಬ ಗಂಡನನ್ನು ಎಂಬುದು ಅವಳ ಲೆಕ್ಕದಲ್ಲೇ ಇರಲಿಲ್ಲ. ಗೊತ್ತಾಗದೆ ಇವರು ಸತ್ತಿದ್ದರೆ ಚೆನ್ನಾಗಿತ್ತು ಎಂದು ಒಂದು ಕ್ಷಣ ಅಂದುಕೊಂಡು, ಅಂದುಕೊಂಡದ್ದಕ್ಕೆ ಹೆದರಿದಳು.

“ಹಾಕು” ಎಂದರು ಎನಿಡ್. “ಎರಡನೆಯದು. ಆವತ್ತು ಕೇಳಲಿಲ್ಲ ನಾನು, ಜನ ಇದ್ರು.”

ಹೆಡ್‌ಫೋನನ್ನು ಅವರ ಬಿಳಿ ಕೂದಲ ಮೇಲೆ ಮೆಲ್ಲಗೆ ಕೂರಿಸಿ ಹಾಡು ಹಾಕಿದಳು. ಅವಳಿಗೆ ಏನೂ ಕೇಳುತ್ತಿರಲಿಲ್ಲ. ಆ ಮುಖವೊಂದು ಕಾಣುತ್ತಿತ್ತು. ಹುಡುಗಿ ಉಸಿರು ತೆಗೆದುಕೊಳ್ಳುವಲ್ಲಿ ಮುದುಕಿಯ ಎದೆ ಏಳುತ್ತಿತ್ತು, ಅರವತ್ತು ವರ್ಷದ ಆಚೆಗೂ ತಪ್ಪದೆ. ಕೊನೆಯ ಸ್ವರ ಬಂದಾಗ ಎನಿಡ್ ಹುಬ್ಬು ಗಂಟಿಕ್ಕಿ ಕಾದರು. ಆಮೇಲೆ ಹುಬ್ಬು ಸಡಿಲವಾಯಿತು. ಕಣ್ಣಿನಿಂದ ನೀರು ಇಳಿದು ತುಟಿಯ ಬಣ್ಣದವರೆಗೆ ಬಂದರೂ ಒರೆಸಿಕೊಳ್ಳಲಿಲ್ಲ.

“ಎಷ್ಟು ಚೆನ್ನಾಗಿ ಹಾಡ್ತಿದಾಳೆ, ಪಾಪ” ಎಂದರು, ಹೆಡ್‌ಫೋನ್ ಹಾಕಿಕೊಂಡವರು ಮಾತಾಡುವಂತೆ ಗಟ್ಟಿಯಾಗಿ. “ಇವಳನ್ನ ಯಾರೂ ಕೇಳಲೇ ಇಲ್ಲ. ಎಲ್ಲರೂ ಟಾಪ್ ಸಿ ಹಾಡಿದ ಆ ಇನ್ನೊಬ್ಬಳನ್ನೇ ಕರೆದ್ರು. ನಾನೂ ಅವಳ ಹಿಂದೇ ಓಡಿದೆ.”

ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡು, ಸಹಿ ಹಾಕಬೇಕಾದ ಕಾಗದ ಎಲ್ಲಿ ಎಂದು ಕೇಳಿದರು. ಈವತ್ತು ಬೇಡ, ಇನ್ನೊಮ್ಮೆ ಬರುತ್ತೇನೆ ಎಂದಳು ದಾಕ್ಷಾಯಣಿ. ಅವರು ಸುಮ್ಮನೆ ಕೈ ಚಾಚಿದರು. ಪತ್ರದಲ್ಲಿ ಬೇಕಾದದ್ದನ್ನೆಲ್ಲ ದಾಕ್ಷಾಯಣಿ ಮೊದಲೇ ಟೈಪು ಮಾಡಿಸಿ ತಂದಿದ್ದಳು: ಹಾಡುಗಾರ್ತಿಯ ಹೆಸರು, ಪಿಯಾನೋ ನುಡಿಸಿದವರ ಹೆಸರು, ಸ್ಥಳ, ವರ್ಷ. ಹಳೆಯದೋ ಇಳಿಸಿದ್ದೋ, ಯಾವ ಪ್ರತಿಯನ್ನು ಹೊರತರಬೇಕೆಂಬ ಎರಡು ಚೌಕಗಳಷ್ಟೇ ಖಾಲಿ ಇದ್ದವು. ಎನಿಡ್ ಭೂತಗನ್ನಡಿ ಹಿಡಿದು ಮೊದಲ ಸಾಲಿನಿಂದ ಕೊನೆಯವರೆಗೆ ಓದಿದರು. ಎರಡನೆಯ ಚೌಕಕ್ಕೆ ಗುರುತು ಹಾಕಿದರು. ಸಹಿ ಮಾಡಿದರು. ಮುಗಿಯಿತೆಂದು ದಾಕ್ಷಾಯಣಿ ಕೈ ಮುಂದೆ ತಂದಾಗ ಅವರ ಪೆನ್ನು ಹಿಂದಕ್ಕೆ ಹೋಗಿ, ವಾಲ್ಟರ್ ಸೈಕ್ಸ್ ಎಂಬ ಹೆಸರಿನ ಮೇಲೆ ನಿಂತಿತು. ಆತುರವಿಲ್ಲದೆ ಅವರು ಅದರ ಮೇಲೆ ಒಂದು ಗೆರೆ ಎಳೆದರು. ಪಕ್ಕದಲ್ಲಿ, ಮಕ್ಕಳಿಗೆ ಕಲಿಸಿದವರ ಗುಂಡನೆಯ ಅಕ್ಷರದಲ್ಲಿ ಬರೆದರು: ಯಾರೋ ಗೊತ್ತಿಲ್ಲ.

ಕಾಗದವನ್ನು ತಿರುಗಿಸಿ ಅವಳ ಕಡೆ ತಳ್ಳಿದರು.

“ಅಕ್ಷರ ಓದ್ಲಿಕ್ಕೆ ಬರತ್ತಾ?”

“ಬರತ್ತೆ” ಎಂದಳು ದಾಕ್ಷಾಯಣಿ.